ತಿಳಸ್ತೀವಿ, ಹೋಗಿ ಬಾ

ಬಸ್‌ಸ್ಟ್ಯಾಂಡ್ ಎದುರು ಶಾಂತವೀರಪ್ಪನವರ ಖಾನಾವಳಿ ಇತ್ತು. ಅಲ್ಲಿಗೆ ಅಡುಗೆ ಕೆಲಸ ಕೇಳಿಕೊಂಡು ಬಂದವರಿಂದ ಅವರು ಪರೀಕ್ಷೆಗೆಂದು ಮಧ್ಯಾಹ್ನದ ಅಡುಗೆಯನ್ನೆಲ್ಲ ಮಾಡಿಸಿಕೊಳ್ಳುತ್ತಿದ್ದರು. ಗಿರಾಕಿಗಳು ಉಂಡು ಹೋದ ಮೇಲೆ, “ತಿಳಸ್ತೀವಿ, ಹೋಗಿ ಬಾ” ಎನ್ನುತ್ತಿದ್ದರು. ಮರುದಿನ ಮತ್ತೊಬ್ಬರ ಪರೀಕ್ಷೆ. ಹೀಗೆ ಅಡುಗೆ ಪುಕ್ಕಟೆಯಾಗಿ ನಡೆಯುತ್ತಿತ್ತು.

ಒಂದು ದಿನ, ಮನೆ ನಡೆಸಲು ಕೆಲಸ ಬೇಕೇಬೇಕಾಗಿದ್ದ ಹೆಂಗಸೊಬ್ಬಳು ಬಂದಳು. ಆಕೆಯ ಓರಗಿತ್ತಿ ಅಲ್ಲಿ ಹಾಗೆಯೇ ಮೋಸ ಹೋಗಿದ್ದಳು. ಅದು ಗೊತ್ತಿದ್ದೂ ಈಕೆ ರೊಟ್ಟಿ ಬಡಿದಳು, ಎಣ್ಣೆಗಾಯಿ ಮಾಡಿದಳು. ಘಮ ಬೀದಿಗೆ ಹೋಯಿತು. ಖಾನಾವಳಿ ತುಂಬಿತು. ಆಗ ಆಕೆ ಅಡುಗೆಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡಳು.

“ಏನಬೇ, ರೊಟ್ಟಿ ಎಲ್ಲಿ?” ಸಾವಕಾರ ಶಾಂತವೀರಪ್ಪನವರು ಕೂಗಿದರು.

“ನಿಮ್ಮ ಅರ್ಜಿ ಬಂದೈತ್ರಿ. ತಿಳಸ್ತೀನಿ, ಹೋಗಿ ಬರ್ರಿ,” ಎಂದು ಕಿಟಕಿಯಿಂದ ಉತ್ತರ ಬಂತು.

ಉಣ್ಣಲು ಕೂತವರು ಗೊಳ್ಳೆಂದು ನಕ್ಕರು.

“ನಿನ್ನ ಬಿಟ್ರ ಊರಾಗ ಅಡಗಿಯವರ ಇಲ್ಲೇನ?”

“ಅದಾರಲ್ರಿ. ಕರಕೊಂಡು ಬರ್ರಿ. ಅಲ್ಲೀತನಾ ಇವರು ಹಸದು ಕೂಡ್ತಾರ.”

ಹಸಿದವರು ತಾಟು ಬಡಿಯತೊಡಗಿದರು. ಲಾರಿ ಡ್ರೈವರೊಬ್ಬ ಎದ್ದೇ ಬಿಟ್ಟ. “ಸಾವಕಾರ್ರ, ಆಕೀನ್ನ ಕೆಲಸಕ್ಕ ತಗೋರಿ. ಇಲ್ಲಾಂದ್ರ ನಾವೆಲ್ಲಾ ಮುಂದಿನ ಖಾನಾವಳಿಗೆ ಹೊಂಟ್ವಿ.”

ಶಾಂತವೀರಪ್ಪನವರ ಮುಖ ಸುಟ್ಟ ಬದನೆಕಾಯಿಯಂತಾಯಿತು. “ಆತವಾ, ಇವತ್ತಿಂದ ನೀನ ಇಲ್ಲಿ ಅಡಗಿಯಾಕಿ.”

“ನನಗಷ್ಟ ಅಲ್ರಿ, ಎಲ್ಲಾರಿಗೂ ಕೇಳೋ ಹಂಗ ಹೇಳ್ರಿ.”

ಅವರು ಬೆಂಚು ಹತ್ತಿ ಹೇಳಿದರು. ಚಿಲಕ ಸರಿಯಿತು. ಆಕೆ ಬಿಸಿ ರೊಟ್ಟಿಯ ಬುಟ್ಟಿಯನ್ನು ಸಾವಕಾರರ ಕೈಗೇ ಕೊಟ್ಟಳು.

“ಲಗೂ ಬಡಸ್ರಿ, ಆರತಾವ.”