ಮೂರು ಬಟ್ಟಲ ದಿಬ್ಬ

ಚೀನಾ ದೇಶದಲ್ಲಿ ಹಳದಿ ನದಿ ದಂಡೆ ಮೇಲೆ ಲಿಯುವಾನ್ ಅಂತ ಒಂದು ಹಳ್ಳಿ. ಊರಾಚೆ ಮುಸುಕಿನ ಜೋಳದ ಹೊಲಗಳ ನಡುವೆ, ಎಮ್ಮೆ ಮಲಗಿದ ಹಾಗೆ ಒಂದು ಮಣ್ಣಿನ ದಿಬ್ಬ. ಅದಕ್ಕೆ ಮೂರು ಬಟ್ಟಲ ದಿಬ್ಬ ಅಂತಾರೆ. ಈಗ ಸರ್ಕಾರದವರು ಮೇಲೆ ತಗಡು ಹೊದಿಸಿ, ಸುತ್ತ ಕಂಬಿ ಕಟ್ಟಿದ್ದಾರೆ. ಒಳಗೆ ಅಗೆದ ಗುಂಡಿ, ಪಕ್ಕದಲ್ಲಿ ಗಾಜಿನ ಪೆಟ್ಟಿಗೇಲಿ ಮೂರು ಕಾಲಿನ ಕಂಚಿನ ಪಾತ್ರೆ, ಮೈಯೆಲ್ಲ ಹಸಿರು ಕಿಲುಬು. ಮೂರೂವರೆ ಸಾವಿರ ವರ್ಷದ್ದು, ರಾಜರು ದೇವರ ಎಡೆಗೆ ಮಾಡಿಸಿದ್ದು ಅಂತ ಕನ್ನಡಕದ ಪಂಡಿತರು ಹೇಳ್ತಾರೆ. ಇರಬಹುದಪ್ಪ, ಯಾರು ಇಲ್ಲ ಅಂದ್ರು? ಆದರೆ ಊರೋರ ಹತ್ರ ಬೇರೇನೇ ಕತೆ ಇದೆ.

ಹಿಂದೆ ಒಮ್ಮೆ ನದಿ ಉಕ್ಕಿ ಊರಿನ ಮಡಕೆ ಕುಡಿಕೆಯನ್ನೆಲ್ಲ ಬಳ್ಕೊಂಡು ಹೋಯ್ತಂತೆ. ಕಾಳು, ಉಣ್ಣೋ ಬಟ್ಟಲು ಏನೋ ಅಟ್ಟದ ಮೇಲೆ ಉಳಿದಿದ್ವು, ಬೇಯಿಸೋಕೆ ಪಾತ್ರೆ ಇಲ್ಲ. ಲುವಾನ್ ಅಜ್ಜಿ ಅಂತ ಒಬ್ಬ ವಿಧವೆ, ಬಾಯಿ ಜೋರು, ಕೈ ಧಾರಾಳ, ಗುಡಿಸಲಿಗೆ ಗೂಟ ನೆಡೋಕೆ ಈ ದಿಬ್ಬ ಅಗೀತಿದ್ಳು. ಠಣ್ ಅಂತು. ಎತ್ತಿದರೆ ಈ ಪಾತ್ರೆ! ಅಜ್ಜಿ ಹಿಂದೆಮುಂದೆ ನೋಡಲಿಲ್ಲ. ಬೂದಿ ಹಾಕಿ ಗಸಗಸ ತಿಕ್ಕಿದಳು, ಅದಕ್ಕೇ ಮೂರು ಕಾಲಿರೋವಾಗ ಒಲೆಗುಂಡು ಯಾಕೆ ಅಂತ ಕೆಳಗೆ ಬೆಂಕಿ ಹಾಕಿ ನವಣೆ ಗಂಜಿ ಇಟ್ಟಳು. ಇಡೀ ಊರು ಒಂದು ತಿಂಗಳು ಅದರಲ್ಲೇ ಉಂಡಿತು. ಅಳ್ತಾ ಕೂತಿದ್ದೋರು ಹಾಡೋಕೆ ಶುರು ಮಾಡಿದ್ರು ಅಂತಾರೆ.

ಇಂಥಾ ಸುದ್ದಿ ಎಲ್ಲಿ ನಿಲ್ಲುತ್ತೆ? ಅಮಲ್ದಾರನ ಕಿವಿಗೆ ಬಿತ್ತು. ನೆಲದಲ್ಲಿ ಸಿಕ್ಕ ಹಳೇ ಕಂಚು ರಾಜನದ್ದು, ಅದರಲ್ಲಿ ಬೇಯಿಸಿ ಉಂಡೋರಿಗೆ ಸೆರೆಮನೆ ಅಂತ ಆಗಿನ ಕಾನೂನು. ಪಾಂಗ್ ಅನ್ನೋ ಆ ಡೊಳ್ಳುಹೊಟ್ಟೆ ಅಮಲ್ದಾರ ಕತ್ತೆ ಮೇಲೆ ಕೂತು ಬಂದ. ನೆರೆ ಬಂದ ಸೀಮೆ, ದಾರೀಲಿ ಒಂದು ಒಲೇನೂ ಉರೀತಿರಲಿಲ್ಲ, ಪಾಪ. ಅವನು ಬರೋದನ್ನ ಅಜ್ಜಿ ದೂರದಿಂದಲೇ ಕಂಡಳು. ಪಾತ್ರೆ ಹೋದರೆ ಗಂಜಿ ಇಲ್ಲ, ಮೇಲಿಂದ ಊರಿಗೆ ಊರೇ ಜೈಲು ಪಾಲು. ಆದರೆ ಬಂದೋರು ಉಂಡೇಳೋ ತನಕ ಬಂದ ಕೆಲಸ ಮಾತಾಡಬಾರದು ಅನ್ನೋದು ಆ ಊರ ಪದ್ಧತಿ. ಅಜ್ಜಿ ಪದ್ಧತೀನೇ ಗಟ್ಟಿಯಾಗಿ ಹಿಡ್ಕೊಂಡಳು.

"ಮೊದಲು ಉಣ್ಣಿ ಸ್ವಾಮಿ, ಮಾತು ಎಲ್ಲಿಗೂ ಓಡಿಹೋಗಲ್ಲ," ಅಂತ ಗುಡಿಸಲ ಹೊರಗೇ ಕೂರಿಸಿ, ಒಳಗಿಂದ ಬಟ್ಟಲು ತುಂಬ ಬಿಸಿ ಗಂಜಿ ತಂದಿಟ್ಟಳು. ಬಟ್ಟಲು ಖಾಲಿ. ಇನ್ನೊಂದು ಸಲ ಹಾಕಲಾ ಅಂದ್ರೆ, "ಹಾಕಜ್ಜಿ, ಅದನ್ನೂ ಕೇಳ್ತೀಯಾ!" ಮೂರು ಸಲ ಹಾಕಿಸ್ಕೊಂಡು, ತೇಗಿ, ಮೀಸೆ ಒರೆಸಿಕೊಂಡು, ಆಮೇಲೆ ಮುಖ ಗಂಟಿಕ್ಕಿದ. "ಎಲ್ಲಿ ಆ ರಾಜರ ಪಾತ್ರೆ? ಅದರಲ್ಲಿ ಉಂಡ ಒಬ್ಬೊಬ್ಬರನ್ನೂ ಎಳ್ಕೊಂಡು ಹೋಗ್ತೀನಿ!"

"ಒಳಗೆ ಒಲೆ ಮೇಲೇ ಇದೆ, ಸ್ವಾಮಿ," ಅಂದಳು ಅಜ್ಜಿ. "ಯಾರಿಂದ ಶುರು ಮಾಡ್ತೀರಿ? ನಾವೆಲ್ಲ ಹೊತ್ತಿಗೆ ಒಂದೊಂದೇ ಬಟ್ಟಲು ಉಂಡೋರು. ನಿಮ್ಮದು ಮೂರಾಯ್ತು."

ಅಮಲ್ದಾರ ಖಾಲಿ ಬಟ್ಟಲ ಕಡೆ ನೋಡಿದ. ಆಮೇಲೆ ನಗೋಕೆ ಶುರು ಮಾಡಿದ ನೋಡಿ, ಕತ್ತೆ ಬೆದರಿ ಹಗ್ಗ ಕಿತ್ತುಕೊಂಡಿತಂತೆ. ಮಾರನೇ ವಾರ ಎರಡು ಗಾಡಿ ಮಡಕೆ ತಾನೇ ಕಳಿಸಿದ. ಪಾತ್ರೇನ ಸಿಕ್ಕಿದ ಗುಂಡಿಗೇ ಹೂಳಿಸಿ, ತಾನು ಉಂಡ ಬಟ್ಟಲನ್ನೂ ಅದರ ಮೇಲೆ ಹಾಕಿಸಿದ. ಸಾಕ್ಷಿ ಉಳೀಬಾರದಲ್ಲ!

ಈಗ ನೋಡೋಕೆ ಹೋದೋರಿಗೆ ಗಾಜಿನ ಪೆಟ್ಟಿಗೇಲಿ ಆ ಮಣ್ಣಿನ ಬಟ್ಟಲೂ ಕಾಣುತ್ತೆ. ದಿಬ್ಬದ ಹೆಸರು ಕೇಳಿ ಪಂಡಿತರು ಇನ್ನೆರಡು ಬಟ್ಟಲಿಗೆ ಸುತ್ತೆಲ್ಲ ಗುಂಡಿ ತೋಡಿದ್ದಾರೆ, ಇನ್ನೂ ತೋಡ್ತಾನೇ ಇದಾರೆ. ಹೊಲಕ್ಕೆ ಹೋಗೋ ಹೆಂಗಸರು ಕಂಬಿ ಹಿಡ್ಕೊಂಡು ನಿಂತು ನಗ್ತಾರೆ: "ಎಷ್ಟು ಅಗೆದರೂ ಸಿಗಲ್ಲ ಸ್ವಾಮಿ, ಒಂದೇ ಬಟ್ಟಲಿಗೆ ಮೂರು ಸಲ ಹಾಕಿಸ್ಕೊಂಡಿದ್ದು ಅವನು!"