ಹೀಚಿಗೆ ತೋರಿಸಿದ ಬೆರಳು

ಬಾಳಯ್ಯನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಆಶ್ರಮ ಸೇರಿದರೆ ಅದು ಇಳಿದೀತೆಂದು ಅವನ ತಾಯಿ ನಂಬಿದ್ದಳು. ಸಿಟ್ಟು ಅವನ ಜೊತೆಗೇ ಬಂದು ಆಶ್ರಮದಲ್ಲಿ ಚಾಪೆ ಹಾಸಿಕೊಂಡಿತು.

ಊರು ಬೆಳೆದು ಬೆಳೆದು ಆಶ್ರಮದ ಸುತ್ತ ಬಡಾವಣೆಯ ಮನೆಗಳು ಎದ್ದಿದ್ದವು. ಹಿತ್ತಲಿಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ, ಅಷ್ಟೇ. ಬದನೆ, ಬೆಂಡೆ, ಪಪ್ಪಾಯಿ ಎಲ್ಲ ಬಾಳಯ್ಯನ ಕೈಯಲ್ಲಿ ಚೆನ್ನಾಗಿಯೇ ಬರುತ್ತಿದ್ದವು. ಆದರೆ ಅವನ ಜೀವವೆಲ್ಲ ಇದ್ದದ್ದು ಒಂದು ಕುಂಬಳದ ಬಳ್ಳಿಯ ಮೇಲೆ.

ತಾಯಿ ಸಾಯುವ ಮುಂಚೆ ಕೈಗಿಟ್ಟ ಬೀಜ ಅದು. ಹಳೆಯ ಬೀಜ, ಎಲ್ಲವನ್ನೂ ಬಿತ್ತಿದರೂ ಒಂದೇ ಮೊಳೆಯಿತು. ಇದರಲ್ಲಿ ಒಂದಾದರೂ ಕಾಯಿ ಬಲಿಯದಿದ್ದರೆ ಅವ್ವನ ಕುಂಬಳ ಅಲ್ಲಿಗೆ ಮುಗಿಯಿತು.

ಮೊದಲ ಹೀಚು ಬಿಟ್ಟ ದಿನ ಪಕ್ಕದ ಮನೆಯ ಕಾಶೀಬಾಯಿ ಗೋಡೆಯಾಚೆಯಿಂದ ಬೆರಳು ಚಾಚಿ, ಎಷ್ಟು ಚೆಂದ ಬಿಟ್ಟಿದೆಯಲ್ಲ ಎಂದಳು. ಹೀಚಿಗೆ ಬೆರಳು ತೋರಿಸಿದರೆ ಅದು ಕೊಳೆಯುತ್ತದೆಂದು ಬಾಳಯ್ಯ ಚಿಕ್ಕಂದಿನಿಂದ ಕೇಳಿಕೊಂಡು ಬಂದವನು. ಅವನ ಅವ್ವ ತೋರಿಸಲೇಬೇಕಾದರೆ ಬೆರಳು ಮಡಚಿ ತೋರಿಸುತ್ತಿದ್ದಳು.

ಆ ಹೀಚು ಕೊಳೆಯಿತು. ಅದರ ಮುಂದಿನದೂ ಕೊಳೆಯಿತು.

ಆಶ್ರಮದ ಗುರು ಅಡವಯ್ಯಜ್ಜ ಕೊಳೆತದ್ದನ್ನು ಸೀಳಿ ಒಳಗಿನ ಹುಳ ತೋರಿಸಿದರು. ನೊಣ ಚುಚ್ಚಿ ಮೊಟ್ಟೆಯಿಟ್ಟಿದೆ ಎಂದರು. ಹುಳವೂ ಅವಳ ಬೆರಳಿನಿಂದಲೇ ಬಂದದ್ದೆಂದು ಬಾಳಯ್ಯ ವಾದ ಹೂಡಿದ.

ಬಾಳಯ್ಯ ಗೋಡೆಯ ಮೇಲೆ ಮುಳ್ಳು ಹೇರಿದ. ಹರಿದ ಚಪ್ಪಲಿ ನೇತುಹಾಕಿದ. ಹಿತ್ತಲಿಗೆ ಯಾರೇ ಬರಲಿ, ಆ ಮನೆಯತ್ತ ಬೆರಳು ತೋರಿಸಿ, ನಮ್ಮ ಬಳ್ಳಿ ತಿಂದವಳು ಅಲ್ಲಿದ್ದಾಳೆ ಅನ್ನುತ್ತಿದ್ದ. ಕಾಶೀಬಾಯಿ ಬಟ್ಟೆ ಒಣಹಾಕಲು ಬಂದಾಗ ಅವಳಿಗೆ ಕೇಳಲೆಂದೇ ದನಿ ಏರಿಸುತ್ತಿದ್ದ. ಅವಳು ಆ ಬದಿಗೆ ಬರುವುದನ್ನೇ ಬಿಟ್ಟಳು.

ಅಷ್ಟಾದರೂ ಅವನ ಹೊಟ್ಟೆ ತಣ್ಣಗಾಗಲಿಲ್ಲ. ಯಾರ ಕಣ್ಣೂ ಬೀಳದಿರಲಿ ಎಂದು ಇಡೀ ಬಳ್ಳಿಗೆ ಹಳೆಯ ಧೋತರಗಳನ್ನು ಹೊದಿಸಿದ. ಕಣ್ಣು ಬೀಳಲಿಲ್ಲ, ಜೇನೂ ಬರಲಿಲ್ಲ. ಹೆಣ್ಣು ಹೂಗಳು ಹೀಚಿನ ಸಮೇತ ಹಳದಿಯಾಗಿ ಉದುರಿದವು.

ಒಂದು ಸಂಜೆ ಧೋತರ ಎತ್ತಿ ನೋಡಿದವನಿಗೆ ಮೈಯೆಲ್ಲ ಉರಿದುಹೋಯಿತು. ಕುಡುಗೋಲು ತಂದು ಬಳ್ಳಿಯನ್ನೇ ಕೊಚ್ಚತೊಡಗಿದ. ಅದು ಅವ್ವನ ಬಳ್ಳಿ ಎಂಬ ಖಬರೂ ಉಳಿಯಲಿಲ್ಲ.

"ಯಾರನ್ನ ಕಡ್ಯಾಕತ್ತೀಯಪ್ಪಾ?" ಅಜ್ಜ ಕೇಳಿದರು.

"ಆಕೀನ್ನ್ರಿ."

ಅಜ್ಜ ಒಂದು ಕವಲಿಗೆ ಅಡ್ಡವಾಗಿ ಪಾದವಿಟ್ಟು ನಿಂತರು. ಕುಡುಗೋಲು ನಿಂತಿತು.

ಬೆಳಗ್ಗೆ ನೋಡಿದರೆ ಉಳಿದ ಆ ಒಂದು ಕವಲಿನಲ್ಲಿ ಹೆಣ್ಣು ಹೂ ಅರಳಿತ್ತು. ಅಜ್ಜ ಬಾಳಯ್ಯನನ್ನು ಕರೆದು, ಗಂಡು ಹೂ ಎಲ್ಲಿ ಎಂದು ಕೇಳಿದರು. ಬಾಳಯ್ಯ ಸುತ್ತ ಹುಡುಕಿದ. ಇದ್ದವೆಲ್ಲ ನಿನ್ನೆ ಅವನೇ ಕೊಚ್ಚಿದ ರಾಶಿಯಲ್ಲಿ ಬಾಡಿ ಬಿದ್ದಿದ್ದವು.

"ಬಿಸಿಲೇರಿದ್ರ ಇದು ಮುಚ್ಚಿಕೊಳ್ತೈತಿ," ಅಜ್ಜ ಅಂದರು. "ಕಾಶೀಬಾಯಿ ಹಿತ್ತಲದಾಗೂ ಕುಂಬಳ ಐತಿ. ಒಂದು ಗಂಡು ಹೂ ಕೇಳಿ ತಗೊಂಡು ಬಾ. ಇದಕ್ಕ ಮುಟ್ಟಿಸು."

ಬಾಳಯ್ಯ ಕೆಂಡಾಮಂಡಲವಾದ.

"ನಮ್ಮವ್ವನ ಬಳ್ಳಿಗೆ ಆಕಿ ಮನಿ ಹೂವೇನ್ರಿ? ಒಣಗಿ ಹೋದ್ರ ಹೋಗ್ಲಿ. ಆಕಿ ಹೊಸ್ತಿಲಾ ನಾ ತುಳಿಯೂದಿಲ್ಲ."

ಅಜ್ಜ ಬೆರಳನ್ನು ನೆಟ್ಟಗೆ ಮಾಡಿ ಆ ಹೂವಿನ ಬುಡದ ಹೀಚಿಗೆ ತೋರಿಸಿದರು.

ಬಾಳಯ್ಯ ಹಾರಿಬಂದು ಗುರುವಿನ ಕೈಯನ್ನು ಗಬಕ್ಕನೆ ಹಿಡಿದ. ಹಿಡಿದ ಮೇಲೆ ತಾನು ಮಾಡಿದ್ದೇನೆಂದು ತಿಳಿಯಿತು; ಆದರೂ ಬಿಡಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು, ಅದೂ ಸಿಟ್ಟಿನದೇ.

"ನೀವೂ ತೋರಸ್ತೀರಲ್ರಿ ಅಜ್ಜಾರ. ಅದು ಕೊಳೀತೈತಿ."

"ಬೆರಳು ತೋರಿಸಿದ್ದೆಲ್ಲ ಕೊಳೀತೈತೇನು?"

"ಕೊಳೀತೈತ್ರಿ. ಕಣ್ಣಾರೆ ನೋಡೇನಿ."

ಬಿಸಿಲು ಆಗಲೇ ಗೋಡೆ ದಾಟಿ ಹಿತ್ತಲಿಗಿಳಿದಿತ್ತು. ಹೂವಿನ ಅಂಚು ಸ್ವಲ್ಪ ಸ್ವಲ್ಪವೇ ಒಳಕ್ಕೆ ಬಾಗತೊಡಗಿತ್ತು. ಅಜ್ಜ ಕೈ ಬಿಡಿಸಿಕೊಳ್ಳದೆ ಅಂದರು:

"ಹಂಗಾದ್ರ ಇಷ್ಟು ದಿನ ನೀ ಕಾಶೀಬಾಯಿಗೆ ಬೆರಳು ತೋರಿಸ್ಕೋತ ಬಂದಿ. ಹೋಗು, ಆಕಿ ಎಷ್ಟು ಕೊಳತಾಳ ನೋಡು. ಬರೂಮುಂದ ಹೂ ತಗೊಂಡು ಬಾ."