ಬೆಲ್ಲದ ಜೊತೆ ಕೊಟ್ಟ ನೀರು

"ಗುರುಗಳೇ, ಸರಿಯಾದ ಪ್ರಶ್ನೆಯನ್ನು ಸರಿಯಾದ ಜಾಗದಲ್ಲಿ ನಿಂತು ಕೇಳಿದರೆ ಸರಿಯಾದ ಉತ್ತರ ಬರಲೇಬೇಕಲ್ಲವೇ?"

ಕೇಳಿದವನು ಮಠದ ಹಳೆಯ ಶಿಷ್ಯ. ಆ ಸೀಮೆಯ ಜನ ಅವನನ್ನು ಹೊಸದಾಗಿ ಶಾಸನಸಭೆಗೆ ಆರಿಸಿ ಕಳಿಸಿದ್ದರು. ಮೊದಲ ಅಧಿವೇಶನಕ್ಕೆ ಹೊರಡುವ ಮುಂಚೆ ಆಶೀರ್ವಾದ ಬೇಡಲು ಬಂದಿದ್ದ. ಮಂತ್ರಿಗಳನ್ನು ಕೇಳಬೇಕಾದ ನಲವತ್ತು ಪ್ರಶ್ನೆಗಳ ಪಟ್ಟಿ ಕೈಯಲ್ಲಿತ್ತು. ಶಾಲೆ, ಆಸ್ಪತ್ರೆ, ರಸ್ತೆ, ಕುಡಿಯುವ ನೀರು, ಯಾವುದನ್ನೂ ಬಿಟ್ಟಿರಲಿಲ್ಲ. ಅಡುಗೆಯ ಮುದುಕಿ ಅವನ ಮುಂದೆ ಒಂದು ಚೂರು ಬೆಲ್ಲ, ಒಂದು ಲೋಟ ನೀರು ಇಟ್ಟು, ಗೋಡೆ ಹಿಡಿದುಕೊಂಡು ಒಳಗೆ ಹೋಗಿದ್ದಳು. ಬಿಸಿಲಲ್ಲಿ ಬಂದವನು ಗಟಗಟನೆ ಕುಡಿದು, ಲೋಟ ಕೆಳಗಿಟ್ಟು ಈ ಮಾತು ಕೇಳಿದ್ದ.

ಗುರುಗಳು ಪಟ್ಟಿಯ ಕಡೆ ನೋಡಲಿಲ್ಲ. ಒಂದು ಕತೆ ಹೇಳಿದರು.

ಒಂದು ರಾಜ್ಯವಿತ್ತು. ಅಲ್ಲಿನ ಅರಸ ಒಳ್ಳೆಯವನು. ಊರಿಗೊಬ್ಬರಂತೆ ಜನರೇ ಆರಿಸಿದವರ ಸಭೆಯೊಂದನ್ನು ಅವನು ಕಟ್ಟಿದ್ದ. ಸಭೆ ವರ್ಷಕ್ಕೊಮ್ಮೆ ಕೂಡುತ್ತಿತ್ತು. ಸಭಾಸದ ಕೇಳಬಹುದು, ಮಂತ್ರಿ ಹೇಳಲೇಬೇಕು. ಸುಳ್ಳಿಗೆ ಎಡೆಯಿರಬಾರದೆಂದು ಅರಸ ಕಟ್ಟುನಿಟ್ಟಾದ ನಿಯಮ ಮಾಡಿದ್ದ. ಪ್ರಶ್ನೆಯನ್ನು ಎರಡು ತಿಂಗಳು ಮುಂಚೆ ಬರೆದು ಕಳಿಸಬೇಕು. ಮಂತ್ರಿ ತನ್ನ ಅಧಿಕಾರಿಯನ್ನು ಆ ಊರಿಗೇ ಕಳಿಸಬೇಕು. ಅಧಿಕಾರಿ ತಾನೇ ಕಂಡು, ಮುಟ್ಟಿ, ರುಚಿ ನೋಡಿ ತಿಳಿದದ್ದನ್ನು ಬಿಟ್ಟು ಒಂದಕ್ಷರ ಬರೆಯುವಂತಿಲ್ಲ. ಅವನು ಬರೆದದ್ದನ್ನು ಬಿಟ್ಟು ಒಂದಕ್ಷರ ಮಂತ್ರಿ ಓದುವಂತಿಲ್ಲ. ಉತ್ತರ ಕೇಳಿದ ಮೇಲೆ ಸಭಾಸದ ಇನ್ನೊಂದು ಪ್ರಶ್ನೆ ಕೇಳಬಹುದು, ಒಂದೇ ಒಂದು. ಆಮೇಲೆ ಮೂರು ವರ್ಷ ಆ ವಿಷಯ ಎತ್ತುವಂತಿಲ್ಲ. ಮಿಕ್ಕ ಊರುಗಳಿಗೂ ಸರದಿ ಬರಬೇಕಲ್ಲ.

ಆ ರಾಜ್ಯದ ಒಂದು ಮೂಲೆಯ ಊರಿನಿಂದ ಒಬ್ಬ ಕುಂಬಾರ ಸಭೆಗೆ ಆಯ್ಕೆಯಾದ. ಅವನಿಗೆ ನಲವತ್ತು ಪ್ರಶ್ನೆಗಳಿರಲಿಲ್ಲ. ಇದ್ದದ್ದು ಒಂದೇ.

ಅವನ ಊರಿಗೆ ಒಂದು ಬಾವಿಯಿತ್ತು. ಯಾವ ಕಾಲದಲ್ಲೂ ನೀರು ತುಂಬಿರುತ್ತಿತ್ತು, ಕನ್ನಡಿಯಂತೆ ತಿಳಿಯಾಗಿರುತ್ತಿತ್ತು. ಬಾಯಿಗೆ ಹಾಕಿದರೆ ಉಪ್ಪು, ಒಗರು. ಕುಂಬಾರ ಆ ನೀರಲ್ಲಿ ಕಲಸಿದ ಮಣ್ಣಿನ ಗಡಿಗೆ ಒಣಗುವಷ್ಟರಲ್ಲಿ ಮೈಮೇಲೆ ಬಿಳಿ ಪುಡಿ ಏಳುತ್ತಿತ್ತು. ಗಡಿಗೆಯನ್ನು ಒರೆಸಿ ಸಂತೆಗೆ ಒಯ್ಯಬಹುದಿತ್ತು. ಮಕ್ಕಳನ್ನು ಒರೆಸುವುದು ಹೇಗೆ? ಆ ನೀರು ಕುಡಿದ ಮಕ್ಕಳ ಹಲ್ಲು ಕಂದುತ್ತಿತ್ತು, ಕಾಲು ಬಾಗುತ್ತಿತ್ತು. ಊರಿನ ಮಕ್ಕಳು ಓಡುವ ಆಟಗಳನ್ನು ಮರೆತೇಬಿಟ್ಟಿದ್ದರು. ಕುಳಿತು ಆಡುವ ಆಟಗಳನ್ನಷ್ಟೇ ಆಡುತ್ತಿದ್ದರು. ಕುಂಬಾರನ ಹಿರಿಯ ಮಗಳಿಗೆ ಎಂಟು ವರ್ಷ. ಅವಳು ನೆಟ್ಟಗೆ ನಿಂತರೆ ಎರಡು ಮೊಣಕಾಲುಗಳ ನಡುವೆ ಒಂದು ಗಡಿಗೆ ಇಡುವಷ್ಟು ಜಾಗವಿರುತ್ತಿತ್ತು. ಕಿರಿಯವಳಿಗೆ ಹತ್ತು ತಿಂಗಳು. ಇನ್ನೂ ಅಂಬೆಗಾಲಿಡುತ್ತಿದ್ದಳು. ಅವಳ ಕಾಲು ನೆಟ್ಟಗಿತ್ತು. ಕುಂಬಾರ ತಿಗರಿಯ ಮುಂದೆ ಕುಳಿತಾಗೆಲ್ಲ ಆ ಕಾಲುಗಳನ್ನೇ ನೋಡುತ್ತಿದ್ದ.

ಸಿಹಿನೀರು ಇರಲೇ ಇಲ್ಲವೆಂದಲ್ಲ. ಗುಡ್ಡ ಹತ್ತಿ ಇಳಿದು ಹೋದರೆ ಆಚೆ ಕಡೆ ಒಂದು ಸಣ್ಣ ಒರತೆಯಿತ್ತು. ಒಂದು ಕೊಡ ತುಂಬಿ ತರುವುದಕ್ಕೆ ಅರ್ಧ ದಿನ ಬೇಕು. ದಿನಾ ಹೊತ್ತು ತರೋಣವೆಂದರೆ ಹೊರಬೇಕಾದ ಕಾಲುಗಳೇ ಬಾಗಿದ್ದವು. ಹಾಗಾಗಿ ಊರಿನವರು ಆ ನೀರನ್ನು ಮೂರು ಸಂದರ್ಭಕ್ಕೆ ಮಾತ್ರ ತರುತ್ತಿದ್ದರು: ಬಾಣಂತಿಗೆ, ಪ್ರಾಣ ಬಿಡುವವರ ಬಾಯಿಗೆ, ಊರಿಗೆ ಬಂದ ಅತಿಥಿಗೆ. ಬಡ ಊರಾದರೂ ಬಾಗಿಲಿಗೆ ಬಂದವರಿಗೆ ಬೆಲ್ಲದ ಜೊತೆ ಉಪ್ಪುನೀರು ಕೊಟ್ಟ ಮನೆ ಆ ಊರಲ್ಲಿ ಒಂದೂ ಇರಲಿಲ್ಲ.

ಕುಂಬಾರ ಓಲೆ ಬರೆಸಿದ. ನಮ್ಮ ಊರ ಬಾವಿಯ ನೀರು ಕುಡಿಯಲು ಯೋಗ್ಯವಲ್ಲದಿರುವುದು, ಅದನ್ನು ಕುಡಿದ ಮಕ್ಕಳ ಕಾಲು ಬಾಗುತ್ತಿರುವುದು ಅರಮನೆಯ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ, ಬೇರೆ ಕಡೆ ಒಂದು ಬಾವಿ ತೋಡಿಸಿ ಕೊಡುವುದು ಯಾವಾಗ?

ಅರಮನೆಯ ಕರಣಿಕ ಓಲೆ ಓದಿ ಅದನ್ನು ಎರಡು ಮಾಡಿದ. ನೀರು ಜಲಮಂತ್ರಿಗೆ ಸೇರಿದ್ದು. ಕಾಲು ವೈದ್ಯಮಂತ್ರಿಗೆ ಸೇರಿದ್ದು. ಮೊದಲು ವೈದ್ಯಮಂತ್ರಿಯ ಕಡೆಯವನು ಬಂದು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕಾಲುಗಳನ್ನು ಅಳೆದುಕೊಂಡು ಹೋದ. ಹದಿನೈದು ದಿನ ಕಳೆದ ಮೇಲೆ ಜಲಮಂತ್ರಿಯ ಅಧಿಕಾರಿ ನಾಳೆ ಬರುತ್ತಾನೆಂದು ಸುದ್ದಿ ಬಂತು.

ಊರಿಗೆ ಊರೇ ಸಂಭ್ರಮಪಟ್ಟಿತು. ಅರಮನೆಯಿಂದ ತಮ್ಮ ನೀರು ನೋಡಲು ಒಬ್ಬರು ಬರುತ್ತಾರೆಂದು ಅಲ್ಲಿ ಯಾರೂ ಕನಸಲ್ಲೂ ಎಣಿಸಿರಲಿಲ್ಲ. ಅಂಗಳಗಳನ್ನು ಸಾರಿಸಿದರು. ಬಾವಿಕಟ್ಟೆಯನ್ನು ಕೂಡ ತೊಳೆದರು. ಯಾರ ಮನೆಯಲ್ಲಿ ಕೂರಿಸುವುದೆಂದು ಸ್ವಲ್ಪ ಜಗಳವೂ ಆಯಿತು. ಕೊನೆಗೆ ಪ್ರಶ್ನೆ ಕೇಳಿದವನ ಮನೆಯಲ್ಲೇ ಎಂದು ತೀರ್ಮಾನವಾಯಿತು. ಬೆಳಗ್ಗೆ ಎದ್ದವನೇ ಕುಂಬಾರ ಹೆಂಡತಿಗೆ ಕೊಡ ತೆಗೆದುಕೊಂಡು ಗುಡ್ಡದಾಚೆ ಹೋಗಲು ಹೇಳಿದ.

ಅವಳು ಕೊಡ ಮುಟ್ಟಲಿಲ್ಲ.

"ಬರುವವರಿಗೆ ನಮ್ಮ ಬಾವಿ ನೀರನ್ನೇ ಕೊಡಿ. ಒಂದು ಗುಟುಕು ಸಾಕು. ಆಮೇಲೆ ನೀವು ಬಾಯಿ ಬಿಡಬೇಕಾದ್ದೇ ಇಲ್ಲ."

"ಬಾಗಿಲಿಗೆ ಬಂದವರ ಕೈಗೆ ಆ ನೀರು ಕೊಡೋದಾ? ನಾಲ್ಕು ಜನ ಏನಂದಾರು? ನಮ್ಮಪ್ಪನ ಕಾಲದಿಂದ ಈ ಊರಲ್ಲಿ ಯಾರೂ ಹಾಗೆ ಮಾಡಿಲ್ಲ."

"ಮಗಳಿಗೆ ಕೊಡ್ತೀರಲ್ಲ."

"ಅವಳು ಮನೆಯವಳು," ಎಂದ ಕುಂಬಾರ.

ಹೆಂಡತಿ ಕೊಡ ಎತ್ತಿಕೊಂಡು ಗುಡ್ಡದ ಕಡೆ ನಡೆದಳು.

ಮಧ್ಯಾಹ್ನಕ್ಕೆ ಅಧಿಕಾರಿ ಬಂದ. ಪ್ರಾಮಾಣಿಕನೆಂದು ಹೆಸರಾದವನು. ಊಟಕ್ಕೆ ಏಳಿ ಎಂದರೆ ಬುತ್ತಿ ತಂದಿದ್ದೇನೆ ಎಂದ. ತೆಂಗಿನಕಾಯಿ ಮುಟ್ಟಲಿಲ್ಲ, ಹಾರಕ್ಕೆ ಕೊರಳು ಬಗ್ಗಿಸಲಿಲ್ಲ. ನೋಡಲು ಬಂದ ಊರಿನಿಂದ ಏನನ್ನೂ ತೆಗೆದುಕೊಳ್ಳಬಾರದೆಂಬುದು ಅವನ ವ್ರತ. ಆದರೆ ನೀರು? ನೀರು ನೋಡಲೆಂದೇ ಬಂದವನು ನೀರನ್ನು ಬೇಡ ಎನ್ನಲಾದೀತೇ? ಕುಂಬಾರ ಎರಡೂ ಕೈಯಲ್ಲಿ ಬೆಲ್ಲದ ತಟ್ಟೆ ಹಿಡಿದ. ಹೆಂಡತಿ ಲೋಟ ತಂದಿಟ್ಟಳು. ಅಧಿಕಾರಿ ಬೆಲ್ಲವನ್ನು ಕೂಡ ಬದಿಗಿಟ್ಟ, ರುಚಿ ಕೆಟ್ಟೀತೆಂದು. ನೀರನ್ನು ಒಂದು ಗುಟುಕು ಬಾಯಲ್ಲಿಟ್ಟುಕೊಂಡು, ನಿಧಾನವಾಗಿ ನುಂಗಿ, ಉಳಿದದ್ದನ್ನು ಕುಡಿದು ಇನ್ನೊಂದು ಲೋಟ ಕೇಳಿದ.

ಕುಂಬಾರನ ಮನಸ್ಸು ತುಂಬಿ ಬಂತು. ಇದು ಎಲ್ಲಿಯ ನೀರೆಂದು ಹೇಳಬೇಕೆನ್ನಿಸಿತು. ಆದರೆ ಅತಿಥಿ ಕುಡಿಯುತ್ತಿರುವಾಗ, ಇದನ್ನು ಎಷ್ಟು ದೂರದಿಂದ ಹೊತ್ತು ತಂದೆವು ಗೊತ್ತೇ ಎಂದು ಹೇಳುವುದು ಅವನ ಊರಿನ ನಡತೆಯಲ್ಲ. ಹೇಳಬೇಕಾದ ಅಗತ್ಯವೂ ಕಾಣಲಿಲ್ಲ. ನಮ್ಮ ನೀರು ಕೆಟ್ಟದೆಂದು ಓಲೆಯಲ್ಲೇ ಬರೆದಿದೆ. ಆ ನೀರನ್ನು ಮನುಷ್ಯರಾದವರು ಅತಿಥಿಗೆ ಕೊಡುತ್ತಾರೆಯೇ? ಇಷ್ಟು ಅವರಿಗೆ ತಿಳಿಯದೇ ಇರುತ್ತದೆಯೇ?

ಅಧಿಕಾರಿಯೂ ಅಷ್ಟೇ ಸರಳವಾಗಿ ಯೋಚಿಸಿದ. ಇವರು ದೂರು ಹೇಳಿದ್ದು ನೀರಿನ ಮೇಲೆ. ನಾನು ಬಂದದ್ದು ಆ ನೀರಿನ ರುಚಿ ನೋಡಲು. ಇವರೇ ಕೈಯಾರೆ ಕೊಟ್ಟರು. ಬೇರೆ ನೀರನ್ನು ಯಾಕಾದರೂ ಕೊಟ್ಟಾರು?

ಆಮೇಲೆ ಬಾವಿಯ ಬಳಿ ಹೋಗಿ ಬಗ್ಗಿ ನೋಡಿದ. ತಳ ಕಾಣುವಷ್ಟು ತಿಳಿ. ಅಲ್ಲೇ ನಿಂತು ಬರೆದುಕೊಂಡ. ಹೊರಡುವಾಗ ಕುಂಬಾರನ ಹಿರಿಯ ಮಗಳು ಬಾಗಿಲಿಗೆ ಬಂದಳು. ಅಧಿಕಾರಿಯ ಕಣ್ಣು ಅವಳ ಕಾಲಿನ ಮೇಲೆ ಬಿತ್ತು. ಅಯ್ಯೋ ಎಂದ. ಆದರೆ ಕಾಲು ಅವನ ಇಲಾಖೆಯದಲ್ಲ.

ಸಭೆ ಕೂಡಿತು. ಕುಂಬಾರನ ಸರದಿ ಬಂತು. ಜಲಮಂತ್ರಿ ಎದ್ದು ಓದಿದ. ಬಾವಿಯಲ್ಲಿ ನೀರು ಸಮೃದ್ಧವಾಗಿದೆ. ತಿಳಿಯಾಗಿದೆ. ನಮ್ಮ ಅಧಿಕಾರಿ ಪ್ರಶ್ನೆ ಕೇಳಿದ ಸಭಾಸದರ ಮನೆಯಲ್ಲೇ ಎರಡು ಲೋಟ ಕುಡಿದಿದ್ದಾರೆ. ಅಂಥ ಸಿಹಿನೀರು ರಾಜಧಾನಿಯಲ್ಲೂ ಇಲ್ಲ.

ಕುಂಬಾರ ಎದ್ದು ನಿಂತು, ಅದು ನಮ್ಮ ಬಾವಿಯ ನೀರಲ್ಲ ಎಂದ. ಇದು ಪ್ರಶ್ನೆಯಾಗಲಿಲ್ಲ, ನಿಮಗಿರುವುದು ಒಂದೇ ಅವಕಾಶ, ಪ್ರಶ್ನೆ ಕೇಳಿ ಎಂದು ಸಭಾಪತಿ ಮೆಲ್ಲಗೆ ತಿದ್ದಿದ. ಕುಂಬಾರ ಕೇಳಿದ.

"ಅದು ಗುಡ್ಡದಾಚೆಯಿಂದ ಅತಿಥಿಗೆಂದು ಹೊತ್ತು ತಂದ ನೀರು. ಇದು ಮಂತ್ರಿಗಳ ಗಮನಕ್ಕೆ ಬಂದಿದೆಯೇ?"

"ಈಗ ಬಂದಿದೆ," ಎಂದ ಜಲಮಂತ್ರಿ. "ಹಾಗಾದರೆ ನಿಮ್ಮ ಊರಿಗೆ ಸಿಹಿನೀರು ಸಿಗುತ್ತದೆ ಎಂದು ನೀವೇ ಹೇಳಿದಂತಾಯಿತು. ಬೇರೆ ಬಾವಿಯ ಅಗತ್ಯ ಕಾಣುವುದಿಲ್ಲ."

ಹಿಂದಿನ ಸಾಲಿನಿಂದ ಯಾರೋ, ಅತಿಥಿಗೆ ಕೊಡುವುದನ್ನೇ ಮನೆಯವರಿಗೂ ಕೊಡಿ ಮಾರಾಯರೇ ಎಂದರು. ಸಭೆ ನಕ್ಕಿತು. ಜಲಮಂತ್ರಿ ನಗಲಿಲ್ಲ. ಅವನು ಕೆಟ್ಟವನಲ್ಲ. ಅವನ ಮುಖದಲ್ಲಿ ಮರುಕವೇ ಇತ್ತು. ಆದರೆ ಎರಡನೆಯ ಪ್ರಶ್ನೆ ಮುಗಿದುಹೋಗಿತ್ತು. ಆಮೇಲೆ ವೈದ್ಯಮಂತ್ರಿ ಎದ್ದು ತನ್ನ ಪಾಲಿನ ಉತ್ತರ ಹೇಳಿದ. ಮಕ್ಕಳ ಕಾಲು ಬಾಗಿರುವುದು ನಿಜ, ಅಳತೆ ನಮ್ಮಲ್ಲಿದೆ. ನೀರು ಚೆನ್ನಾಗಿದೆ ಎಂದು ಈಗಷ್ಟೇ ಸಭೆಗೆ ತಿಳಿದಿರುವುದರಿಂದ ಕಾರಣವನ್ನು ಬೇರೆ ಕಡೆ ಹುಡುಕಲಾಗುವುದು.

ಸಭಾಪತಿ ಮುಂದಿನ ಊರಿನ ಹೆಸರು ಕರೆದ.

ಕುಂಬಾರ ನಾಲ್ಕು ದಿನ ನಡೆದು ಊರಿಗೆ ಬಂದ. ದಾರಿಯುದ್ದಕ್ಕೂ ಯಾರ ತಪ್ಪೆಂದು ಹುಡುಕಿದ. ಮಂತ್ರಿ ಸುಳ್ಳಾಡಿರಲಿಲ್ಲ. ಅಧಿಕಾರಿ ಲಂಚ ಮುಟ್ಟಿರಲಿಲ್ಲ. ಅರಸನ ನಿಯಮ ಒಂದೂ ಮುರಿದಿರಲಿಲ್ಲ. ಬಯ್ಯೋಣವೆಂದರೆ ಒಬ್ಬನೂ ಸಿಗಲಿಲ್ಲ. ಮೂರು ವರ್ಷ ಎಂದುಕೊಂಡ. ಅಷ್ಟರಲ್ಲಿ ಕಿರಿಯವಳಿಗೆ ನಾಲ್ಕು ತುಂಬುತ್ತದೆ.

ಮನೆಯ ಮುಂದೆ ಕಿರಿಯ ಮಗಳು ಗೋಡೆ ಹಿಡಿದು ನಿಂತಿದ್ದಳು. ಅಪ್ಪನನ್ನು ಕಂಡು ಗೋಡೆ ಬಿಟ್ಟು ಎರಡು ಹೆಜ್ಜೆ ಹಾಕಿದಳು. ಅವಳ ಮೊದಲ ಹೆಜ್ಜೆಗಳು. ಕುಂಬಾರ ಅವಳ ಮುಖ ನೋಡಲಿಲ್ಲ. ಕಾಲು ನೋಡಿದ. ಎತ್ತಿಕೊಂಡು ಹೋಗಿ ಜಗುಲಿಯ ಮೇಲೆ ಕುಳಿತ.

ಹೆಂಡತಿ ಏನಾಯಿತೆಂದು ಕೇಳಲಿಲ್ಲ. ದಣಿದು ಬಂದವನ ಮುಂದೆ ಒಂದು ಲೋಟ ನೀರು ಇಟ್ಟಳು. ಅವನು ಲೋಟ ಎತ್ತಿ, ತುಟಿಯ ಹತ್ತಿರ ತಂದು ನಿಲ್ಲಿಸಿ, ಇದು ಯಾವ ನೀರು ಎಂದು ಕೇಳಿದ.

"ಬಾವಿಯದು," ಎಂದಳು. "ನೀವು ಮನೆಯವರಲ್ಲವೇ?"

ಕುಂಬಾರ ಕುಡಿದ. ತೊಡೆಯ ಮೇಲಿದ್ದ ಮಗು ಲೋಟಕ್ಕೆ ಕೈ ಚಾಚಿತು. ಉಳಿದ ಎರಡು ಗುಟುಕನ್ನು ಅವನೇ ಅದಕ್ಕೆ ಕುಡಿಸಿದ. ಬೇರೆ ನೀರು ಮನೆಯಲ್ಲಿರಲಿಲ್ಲ.

ಕತೆ ಅಲ್ಲಿಗೆ ನಿಂತಿತು.

ಶಿಷ್ಯ ಪಟ್ಟಿಯನ್ನು ಬಿಚ್ಚಿ, ಕುಡಿಯುವ ನೀರಿನ ಪ್ರಶ್ನೆ ಎಷ್ಟನೆಯದೆಂದು ಬೆರಳಿಟ್ಟು ಹುಡುಕಿದ. ತಾನು ಆ ಕುಂಬಾರನಂತೆ ಮೋಸಹೋಗುವವನಲ್ಲವೆಂದೂ, ಅಧಿಕಾರಿಯ ಹಿಂದೆ ತಾನೇ ನಿಂತು ಪ್ರತಿ ಬಾವಿಯ ನೀರನ್ನು ಸೇದಿಸುವೆನೆಂದೂ, ನೀರು ಎಲ್ಲಿಯದೆಂದು ಕೇಳದೆ ಒಂದು ಹನಿಯನ್ನೂ ಬಾಯಿಗೆ ಹಾಕಲು ಬಿಡುವುದಿಲ್ಲವೆಂದೂ ಹೇಳಿದ.

ಅಡುಗೆಯ ಮುದುಕಿ ಲೋಟ ತೆಗೆದುಕೊಂಡು ಹೋಗಲು ಬಂದಳು. ಬಾಗಿಲಿನಿಂದ ಅವನ ತನಕ ಗೋಡೆ ಹಿಡಿದುಕೊಂಡೇ ಬಂದಳು. ಬಗ್ಗಲು ಅವಳಿಗೆ ಹೊತ್ತು ಹಿಡಿಯಿತು. ಶಿಷ್ಯ ಮೊದಲ ಸಲ ಅವಳ ಕಾಲುಗಳನ್ನು ನೋಡಿದ.

"ಗುಡ್ಡದಾಚೆಯಿಂದ ಇವಳು ಬೆಳಗ್ಗೆ ಹೊತ್ತು ತಂದದ್ದನ್ನು ನೀನು ಬಂದ ಕೂಡಲೇ ಕುಡಿದೆಯಪ್ಪ, ಎಲ್ಲಿಯ ನೀರೆಂದು ಕೇಳಲಿಲ್ಲ," ಎಂದರು ಗುರುಗಳು.